ಗಾಜಿನ ಕೋಣೆಯ ಅಜ್ಜಿ

ನಮ್ಮವರು ಹೋಗಿ ಹನ್ನೊಂದು ತಿಂಗಳಾಯಿತು. ಮಧ್ಯಾಹ್ನ ಊಟಕ್ಕೆ ಕೂತವರು ಏಳಲಿಲ್ಲ. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಬದುಕಿದ್ದಾಗ ಮಾಡಿದ್ದನ್ನು ಬರೆಯುತ್ತೇನೆ.

ಅವರು ಇದ್ದದ್ದು ಕೃತಕ ಕಾಲು ಮಾಡುವ ಕಾರ್ಖಾನೆಯಲ್ಲಿ. ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ನಾನೂ ಅಲ್ಲೇ. ಕಾಲನ್ನು ತೊಡೆಗೆ, ಸೊಂಟಕ್ಕೆ ಬಿಗಿಯುವ ಪಟ್ಟಿ ಹೊಲಿಯುತ್ತೇನೆ. ಉದ್ದನೆಯ ಹಜಾರ. ಒಂದು ತುದಿಗೆ ಪ್ಲಾಸ್ಟರ್ ಕಲಸುವ ತೊಟ್ಟಿ, ನಡುವೆ ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ, ಕಿಟಕಿ ಪಕ್ಕ ನನ್ನ ಹೊಲಿಗೆ ಯಂತ್ರ, ಇನ್ನೊಂದು ತುದಿಗೆ ಗಾಜಿನ ಕೋಣೆ. ಆ ಕೋಣೆಯಲ್ಲಿ ಅಚ್ಚು ಕೊರೆಯುವ ಯಂತ್ರ. ಅದರ ಪಕ್ಕ ಒಂದು ಹಳೇ ಕಂಪ್ಯೂಟರ್. ಬಿಳಿ ಇದ್ದದ್ದು ಹಳದಿಯಾಗಿತ್ತು. ಎಲ್ಲರೂ ಅದನ್ನು ಅಜ್ಜಿ ಅನ್ನುತ್ತಿದ್ದರು. ನಮ್ಮವರಿಗೆ ಅಜ್ಜಿಮೊಮ್ಮಗ ಅಂತ ಹೆಸರು ಬಿತ್ತು.

ಕಾಲು ಕಳೆದುಕೊಂಡವರು ಬಂದರೆ ಅಳತೆ ಕೋಣೆಯಲ್ಲಿ ಉಳಿದ ಕಾಲಿನ ಆಕಾರ ತೆಗೆಯುತ್ತಾರೆ. ಆ ಆಕಾರ ಅಜ್ಜಿಗೆ ಹೋಗುತ್ತದೆ. ಅಜ್ಜಿ ಹೇಳಿದಂತೆ ಯಂತ್ರ ಫೋಮ್ ದಿಮ್ಮಿ ಕೊರೆದು ಅಚ್ಚು ಮಾಡುತ್ತದೆ. ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹೊದಿಸಿದರೆ ಕಾಲು ಕೂರುವ ಬಟ್ಟಲು. ಬಟ್ಟಲು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಚರ್ಮ ಸುಲಿಯುತ್ತದೆ. ಕೈಯಲ್ಲಿ ಮಾಡಿದರೆ ದಿನಕ್ಕೆ ಎರಡು ಅಚ್ಚು. ಅಜ್ಜಿಯಿಂದ ಎಂಟು.

ಯಂತ್ರ ಮಾಡಿದ ಕಂಪನಿ ಎಂದೋ ಮುಚ್ಚಿತ್ತು. ಯಂತ್ರದ ಮಾತು ತಿಳಿಯುತ್ತಿದ್ದದ್ದು ಅಜ್ಜಿಯೊಳಗಿನ ಹಳೇ ಆಪರೇಟಿಂಗ್ ಸಿಸ್ಟಮಿಗೆ ಮಾತ್ರ. ಹೊಸ ಕಂಪ್ಯೂಟರಿನಲ್ಲಿ ಆ ದಪ್ಪ ವೈರು ಸಿಕ್ಕಿಸಲು ತೂತೇ ಇಲ್ಲ. ಹಳೇ ಸಿಸ್ಟಮಿಗೋ, ವೈರಸ್ ತಡೆಯುವ ಅಪ್‌ಡೇಟ್ ಬರುವುದು ನಿಂತು ವರ್ಷಗಳಾಗಿದ್ದವು.

"ಮುದುಕರಿಗೆ ಔಷಧಿ ಸಿಗದೇ ಹೋದ್ರೆ ಏನ್ ಮಾಡ್ಬೇಕು? ಕಾಯಿಲೆ ಹೊಸಿಲು ದಾಟದ ಹಾಗೆ ನೋಡ್ಕೋಬೇಕು," ಅನ್ನುತ್ತಿದ್ದರು ನಮ್ಮವರು.

ಹಾಗೇ ನೋಡಿಕೊಂಡರು. ಇಂಟರ್ನೆಟ್ ವೈರು ಹಾಕುವ ತೂತಿಗೆ ಅಂಟು ತುಂಬಿ ಮುಚ್ಚಿದರು. ಪೆನ್‌ಡ್ರೈವ್ ತೂತುಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೂ ಅಂಟು. ಅಜ್ಜಿಗೆ ಮೂರೇ ಪ್ರೋಗ್ರಾಮು ಗೊತ್ತಿರುವ ಹಾಗೆ ಮಾಡಿದರು. ನಾಲ್ಕನೆಯದು ಬಂದು ಬಾಗಿಲು ಬಡಿದರೆ ಅಜ್ಜಿ ಕಿವುಡಿ. ಕೋಣೆಯ ಬಾಗಿಲಲ್ಲಿ ಒಂದು ಹೊಸ ಕಂಪ್ಯೂಟರ್ ಇಟ್ಟರು. ಅದರ ಹೆಸರು ಸೊಸೆ. ಅಳತೆ ಕೋಣೆಯಿಂದ ಬಂದ ಪೆನ್‌ಡ್ರೈವ್ ಮೊದಲು ಸೊಸೆಗೆ ಹಾಕಬೇಕು. ಸೊಸೆಗೆ ದಿನಾ ಅಪ್‌ಡೇಟ್ ಬರುತ್ತದೆ. ಅವಳು ತಪಾಸಣೆ ಮಾಡಿ, ಆಕಾರದ ಫೈಲು ಒಂದನ್ನೇ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕುತ್ತಾಳೆ. ಆ ಪೆನ್‌ಡ್ರೈವ್ ಕೋಣೆ ಬಿಟ್ಟು ಆಚೆ ಹೋಗುವ ಹಾಗಿಲ್ಲ. ಕೆಂಪು ದಾರ ಕಟ್ಟಿ ಮೊಳೆಗೆ ತೂಗುಹಾಕಿದ್ದರು.

ಇದನ್ನು ನೋಡಿ ನಗದವರಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವರು ಪ್ಲಾಸ್ಟರ್ ಮೇಸ್ತ್ರಿ. ಮೂವತ್ತು ವರ್ಷ ಕೈಯಲ್ಲೇ ಅಚ್ಚು ಮಾಡಿದವರು. ಅಜ್ಜಿ ಬಂದ ಮೇಲೆ ಅವರ ಕೈಗೆ ಉಳಿದದ್ದು ಚಿಲ್ಲರೆ ಕೆಲಸ. "ಸೊಸೆ ಅಪ್ಪಣೆ ಇಲ್ದೆ ಅತ್ತೆ ನೀರೂ ಕುಡಿಯೋಲ್ವಂತೆ. ಎಂಥಾ ಮನೆ ಕಣಯ್ಯ ನಿಂದು!"

"ಇಂಥ ಮನೆ ಎಲ್ಲ ಸೊಸೇರಿಗೂ ಬೇಕು ಮೇಸ್ತ್ರೀ," ಅನ್ನುತ್ತಿದ್ದರು ನಮ್ಮವರು.

ತಿಂಗಳ ಮೊದಲ ಶನಿವಾರ ಅಜ್ಜಿಯ ಡಿಸ್ಕಿನ ಪೂರ್ತಿ ನಕಲು ತೆಗೆಯುತ್ತಿದ್ದರು. ಮೂರು ನಕಲು. ಒಂದು ಕಾರ್ಖಾನೆಯ ಬೀರುವಿನಲ್ಲಿ, ಒಂದು ನಮ್ಮ ಮನೆಯಲ್ಲಿ, ಒಂದು ಅವರ ಅಕ್ಕನ ಮನೆಯಲ್ಲಿ. ತೆಗೆದು ಇಟ್ಟರೆ ಸಾಲದು. ಮನೆಯಲ್ಲಿ ಅಜ್ಜಿಯಂಥದೇ ಇನ್ನೊಂದು ಹಳೇ ಕಂಪ್ಯೂಟರ್ ಇತ್ತು. ನಕಲಿನ ಡಿಸ್ಕನ್ನು ಅದಕ್ಕೆ ಹಾಕಿ ಜೀವ ಬರುತ್ತದಾ ನೋಡಬೇಕು. ಅದನ್ನು ಅವರು ಮಾಡುತ್ತಿರಲಿಲ್ಲ. ಹಾಳೆಯಲ್ಲಿ ಬರೆದುಕೊಡುತ್ತಿದ್ದರು. ನಾನು ಓದಿ ಮಾಡಬೇಕು. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಬಾಯಿ ಬಿಡುವ ಹಾಗಿಲ್ಲ.

"ರೀ, ನನಗ್ಯಾಕೆ ಈ ಕಾಟ? ನಾನು ಆರನೇ ಕ್ಲಾಸಿಗೆ ಬಿಟ್ಟೋಳು."

"ಅದಕ್ಕೇ ನೀನೇ ಬೇಕು."

"ಅಂದ್ರೆ ನಾನು ದಡ್ಡಿ ಅಂತ."

"ಅಲ್ವೇ. ನೀನು ಎಡವಿದ ಜಾಗದಲ್ಲಿ ಹಾಳೆ ತಪ್ಪು. ದಡ್ಡತನ ಹಾಳೇದು, ನಿಂದಲ್ಲ."

ಎಷ್ಟು ಎಡವಿದೆ ಅಂತ ಲೆಕ್ಕವಿಲ್ಲ. ಒಂದು ಸಲ ವೈರು ತಿರುಗಾಮುರುಗಾ ತುರುಕಿ ಒಂದು ಕಡ್ಡಿ ಬಗ್ಗಿಸಿದೆ. ಒಂದು ಸಲ ಪರದೆ ಕಪ್ಪಾಯಿತು. ಸತ್ತಿತು ಅಂದುಕೊಂಡು ಪ್ಲಗ್ ಕಿತ್ತೆ. ನಕಲು ಹಾಳಾಯಿತು. ಅವರು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದುಹಾಕಿ ಬೇರೆ ಬರೆದರು. ಮೊದಲು ಹಾಳೆಯಲ್ಲಿ ಹನ್ನೆರಡು ಸಾಲು. ಐದು ವರ್ಷಕ್ಕೆ ನಲವತ್ತಮೂರು. ಹನ್ನೆರಡು ಅವರ ತಿಳಿವು. ಮೂವತ್ತೊಂದು ನನ್ನ ತಪ್ಪುಗಳು.

ಆಮೇಲೆ ಹೊಸ ಮ್ಯಾನೇಜರ್ ಬಂದರು. ಕೆಟ್ಟವರಲ್ಲ, ಹೆದರಿದ್ದರು. ನಮ್ಮ ಸಂಸ್ಥೆಯದೇ ಇನ್ನೊಂದು ಕಚೇರಿಗೆ ವೈರಸ್ ಹೊಕ್ಕು ಕಡತಗಳಿಗೆಲ್ಲ ಬೀಗ ಬಿದ್ದಿತ್ತು. ಬಂದ ಎರಡನೇ ವಾರ ಹಜಾರದ ನಡುವೆ ನಿಂತು ನಮ್ಮವರನ್ನು ಕರೆದರು.

"ಅಪ್‌ಡೇಟ್ ಬರದ ಸಿಸ್ಟಮ್ ಇಲ್ಲಿ ಇರಬಾರದು. ತಿಂಗಳ ಕೊನೆಗೆ ಆ ಡಬ್ಬ ಗುಜರಿಗೆ ಹಾಕಿ."

"ಹೊಸ ಯಂತ್ರ ಯಾವಾಗ ಬರುತ್ತೆ ಸಾರ್?"

"ಮುಂದಿನ ವರ್ಷ. ಇಲ್ಲಾಂದ್ರೆ ಅದರ ಮುಂದಿನ ವರ್ಷ."

"ಹಳೇ ಪಾತ್ರೆ, ಹಳೇ ಕಬ್ಬಿಣಾ!" ಅಂತ ತೊಟ್ಟಿ ಹತ್ತಿರದಿಂದ ಮೇಸ್ತ್ರಿ ಕೂಗಿದರು. ಎಲ್ಲರೂ ನಕ್ಕರು.

ಗೋಡೆಯ ಹಲಗೆ ಮೇಲೆ ಕಾಲಿಗಾಗಿ ಕಾಯುತ್ತಿದ್ದವರ ಪಟ್ಟಿ ಇತ್ತು. ನೂರ ಅರವತ್ತು ಜನ. ನಮ್ಮವರು ಅದನ್ನು ತೋರಿಸಿದರು. "ಸಾರ್, ಕೈಯಲ್ಲಿ ಮಾಡಿದ್ರೆ ಕೊನೇ ಹೆಸರಿನವರು ಎಷ್ಟು ಕಾಲ ಕಾಯ್ಬೇಕು ನೀವೇ ನೋಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋನಲ್ಲ ನಾನು. ಮೊದಲೇ ಹಾಕಿದೀನಿ. ಮುರಿಯೋದು ಗೊತ್ತಿರೋರನ್ನ ಕರೆಸಿ. ಒಂದು ದಿನ ಪೂರ್ತಿ ಬಿಟ್ಟುಕೊಡ್ತೀನಿ. ಅವರು ಒಳಗೆ ಹೊಕ್ಕರೆ ಅಜ್ಜೀನ ನಾನೇ ತಲೆ ಮೇಲೆ ಹೊತ್ತು ಗುಜರಿಗೆ ಹಾಕಿ ಬರ್ತೀನಿ."

ಮನೆಗೆ ಬಂದು ನಾನು ಬೈದೆ. "ಆ ಬಾಯಿಗೆ ಬೀಗ ಹಾಕೋಕಾಗ್ಲಿಲ್ವಾ? ಸೋತ್ರೆ?"

"ಸೋತ್ರೆ ಹೊರ್ತೀನಿ. ಏನ್ ಮಹಾ ಭಾರ," ಅಂದರು. ತಟ್ಟೆ ಮುಂದೆ ಕೂತು ಒಂದು ತುತ್ತೂ ಎತ್ತಲಿಲ್ಲ.

ಹತ್ತು ದಿನಕ್ಕೆ ಒಬ್ಬ ಮೇಡಂ ಬಂದರು. ಕಂಪ್ಯೂಟರ್ ಭದ್ರತೆ ಪರೀಕ್ಷೆ ಮಾಡುವವರು. ಬೆನ್ನಿಗೆ ಚೀಲ, ಮಾತು ಕಮ್ಮಿ. ಅಜ್ಜಿಯ ಹಿಂದೆ ಬಗ್ಗಿ ಅಂಟು ತುಂಬಿದ ತೂತು ನೋಡಿದರು. ತಮ್ಮ ಲ್ಯಾಪ್‌ಟಾಪ್ ಹಿಡಿದು ಕೋಣೆ ಸುತ್ತಿದರು. ವೈ-ಫೈ, ಬ್ಲೂಟೂತ್, ಅಜ್ಜಿ ಯಾವ ಗಾಳಿಗೂ ಸಿಗಲಿಲ್ಲ. ಆಮೇಲೆ ಯಾರಿಗೂ ಹೇಳದೆ ಒಂದು ಪೆನ್‌ಡ್ರೈವ್ ತಗೊಂಡು ಹೋಗಿ ಅಳತೆ ಕೋಣೆಯ ಹುಡುಗಿಗೆ ಕೊಟ್ಟರು. ಅದರಲ್ಲಿ ವಿಷ ತೆಗೆದ ವೈರಸ್ ಇತ್ತು.

"ಅರ್ಜೆಂಟಮ್ಮ, ಸೀದಾ ಯಂತ್ರದ ಕಂಪ್ಯೂಟರಿಗೇ ಹಾಕಿಬಿಡು."

"ಅಯ್ಯೋ, ಮೊದಲು ಸೊಸೆ ನೋಡ್ಬೇಕು ಮೇಡಂ. ಇಲ್ಲಾಂದ್ರೆ ಅಣ್ಣ ನನ್ನ ಜೀವ ತಿಂತಾರೆ," ಅಂದಳು ಹುಡುಗಿ.

ಸೊಸೆಗೆ ಹಾಕಿದಳು. ಸೊಸೆ ಹಿಡಿದಳು. ಪರದೆ ತುಂಬ ಕೆಂಪು.

ಕೊನೆಗೆ ಮೇಡಂ ತಾವೇ ಆ ಪೆನ್‌ಡ್ರೈವನ್ನು ಅಜ್ಜಿಯ ಉಳಿದ ಒಂದೇ ತೂತಿಗೆ ಹಾಕಿದರು. ಸೊಸೆಯನ್ನು ದಾಟಿ ಕಳ್ಳ ಬಂದೇಬಿಟ್ಟ ಅಂತ ಲೆಕ್ಕ. ನಾನು ಹೊಲಿಗೆ ಬಿಟ್ಟು ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ಅಜ್ಜಿ ಅಲ್ಲಾಡಲಿಲ್ಲ. ಗೊತ್ತಿರುವ ಮೂರು ಪ್ರೋಗ್ರಾಮು ಬಿಟ್ಟು ಇನ್ನೇನನ್ನೂ ಓಡಿಸಲಿಲ್ಲ. ಮೇಡಂ ನಾನಾ ಥರ ಪ್ರಯತ್ನ ಮಾಡಿದರು. ಊಟದ ಗಂಟೆ ಹೊಡೆಯಿತು. ಅವರು ಕುರ್ಚಿಗೆ ಒರಗಿದರು.

"ಒಳಗೆ ಹೋಗೋಕಾಗ್ಲಿಲ್ಲ," ಅಂದರು ಮ್ಯಾನೇಜರಿಗೆ.

ನಮ್ಮವರ ಮುಖ ಅರಳಿತು. ಮೇಡಂ ಅವರ ಕಡೆ ತಿರುಗಿದರು.

"ಆದ್ರೆ ಒಂದು ದೊಡ್ಡ ತೂತಿದೆ. ನೀವೇ. ನಾಳೆ ಈ ಡಿಸ್ಕ್ ಸತ್ತು, ನೀವೂ ಬರದಿದ್ರೆ? ಒಬ್ಬ ಮನುಷ್ಯನ ತಲೇಲಿರೋದು ಭದ್ರತೆ ಅಲ್ಲ."

"ನನ್ನ ತಲೇಲಿಲ್ಲ ಮೇಡಂ. ಹಾಳೇಲಿದೆ."

"ಯಾರು ಬೇಕಾದ್ರೂ ಮಾಡಬಹುದಾ?"

"ಓದೋಕೆ ಬಂದ್ರೆ ಸಾಕು."

ಮೇಡಂ ಹಜಾರಕ್ಕೆ ಬಂದು, ಯಾರು ಮಾಡ್ತೀರಿ ಅಂತ ಕೇಳಿದರು. ನಾನು ತಲೆ ತಗ್ಗಿಸಿದೆ. ನಾನು ಮಾಡಿದರೆ ಮೋಸವಾಗುತ್ತಿತ್ತು. ಪ್ಲಾಸ್ಟರ್ ಮೇಸ್ತ್ರಿ ಕೈ ಎತ್ತಿದರು. ಮೊಣಕೈವರೆಗೆ ಬಿಳಿ.

"ನಾನು ಮಾಡ್ತೀನಿ. ಕಂಪ್ಯೂಟರ್ ಮುಟ್ಟಿದೋನಲ್ಲ. ಹಾಳೇಲಿ ಬರೆದಷ್ಟೇ ಮಾಡ್ತೀನಿ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿಯಿಲ್ಲ. ಕೆಟ್ರೆ ನನ್ನ ಬೈಬೇಡಿ."

ಕೆಡಿಸಲೆಂದೇ ಬಂದಿದ್ದರು. ಎಲ್ಲರಿಗೂ ಗೊತ್ತಾಯಿತು. ನಮ್ಮವರು ಹಾಳೆಯನ್ನು ಅವರ ಕೈಗೆ ಕೊಟ್ಟರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಮೇಡಂ ಅಜ್ಜಿಯ ಡಿಸ್ಕ್ ಬಿಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಬೀರುವಿನ ನಕಲು ಬೇಡ, ದೂರದ್ದು ಬೇಕು ಅಂದರು. ಫೋನ್ ಹೋಯಿತು. ನಮ್ಮವರ ಅಕ್ಕ ಟವೆಲ್ಲಿನಲ್ಲಿ ಸುತ್ತಿದ ಡಿಸ್ಕ್ ಹಿಡಿದು ಆಟೋದಲ್ಲಿ ಬಂದರು. "ತಗೋ ನಿನ್ನ ನಿಧಿ. ಇದಕ್ಕೆ ಕಾವಲು ಕಾದು ಕಾದು ನಾನೇ ಸರ್ಪ ಆಗಿದೀನಿ," ಅಂದು ನನ್ನ ಪಕ್ಕ ನಿಂತರು.

ಮೇಸ್ತ್ರಿ ಜೋರಾಗಿ ಓದುತ್ತ ಮಾಡತೊಡಗಿದರು.

"ಒಂದು. ಕೈ ಒರೆಸಿಕೊಳ್ಳಿ." ತೊಟ್ಟಿಯ ಕಡೆ ನೋಡಿ, ಕೈ ತೊಳೆದು ಬಂದು ಒರೆಸಿಕೊಂಡರು. ಯಾರೋ ನಕ್ಕರು. ಆ ಸಾಲು ನಾನು ಹಿಟ್ಟಿನ ಕೈಯಲ್ಲಿ ಡಿಸ್ಕ್ ಮುಟ್ಟಿದ ದಿನದ್ದು.

"ಒಂಬತ್ತು. ವೈರಿನ ಕೆಂಪು ಅಂಚು ನಿಮ್ಮ ಬಲಗೈ ಕಡೆಗೆ. ಸಲೀಸಾಗಿ ಹೋಗದಿದ್ದರೆ ತುರುಕಬೇಡಿ. ತೆಗೆದು ಮತ್ತೆ ನೋಡಿ." ಹೋಗಲಿಲ್ಲ. ತುರುಕಲು ಹೋದವರು ನಿಂತರು. ಬರೆದಷ್ಟೇ ಮಾಡುತ್ತೇನೆ ಅಂದಿದ್ದರಲ್ಲ. ತೆಗೆದು ನೋಡಿದರು. ಸರಿ ಮಾಡಿದರು. ಹೋಯಿತು.

ಇಪ್ಪತ್ತಾರಕ್ಕೆ ಬಂದಾಗ ಪರದೆ ಕಪ್ಪಾಯಿತು. ಮೇಸ್ತ್ರಿ ಕುರ್ಚಿ ಹಿಂದಕ್ಕೆ ತಳ್ಳಿದರು.

"ಮುಗೀತು. ಅಜ್ಜಿ ಹೋದ್ಲು. ನಾನೇನೂ ಮಾಡಿಲ್ಲಪ್ಪ."

ಮ್ಯಾನೇಜರ್ ನಮ್ಮವರನ್ನು ನೋಡಿದರು. ನಮ್ಮವರು ಬೆನ್ನ ಹಿಂದೆ ಕಟ್ಟಿದ ಕೈ ಬಿಡಲಿಲ್ಲ.

"ಮುಂದಿನ ಸಾಲು ಓದಿ," ಅಂದರು ಮೇಡಂ.

ಮೇಸ್ತ್ರಿ ಹಾಳೆ ಎತ್ತಿಕೊಂಡರು. "ಇಪ್ಪತ್ತೇಳು. ಈಗ ಪರದೆ ಕಪ್ಪಾಗಿದೆ. ಸತ್ತಿಲ್ಲ. ಪ್ಲಗ್ ಕೀಳಬೇಡಿ. ಕುರ್ಚಿ ಬಿಟ್ಟು ಏಳಬೇಡಿ. ಗೋಡೆ ಗಡಿಯಾರ ನೋಡಿಕೊಂಡು ಏಳು ನಿಮಿಷ ಸುಮ್ಮನೆ ಕೂತಿರಿ."

ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಕೂತರು. ಏಳು ನಿಮಿಷ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಅಕ್ಕ ನನ್ನ ಕೈ ಹಿಂಡುತ್ತಿದ್ದರು. ಆರೂವರೆ ನಿಮಿಷಕ್ಕೆ ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣಕ್ ಅಂದಿತು. ಆಮೇಲೆ ಅಕ್ಷರಗಳು ಸಾಲುಸಾಲಾಗಿ ಓಡಿದವು.

"ಬಂದ್ಲು!" ಅಂತ ಕಿರುಚಿದವರು ಮೇಸ್ತ್ರಿಯೇ. ಕೆಡಿಸಲು ಬಂದದ್ದು ಅವರಿಗೇ ಮರೆತುಹೋಗಿತ್ತು.

ಆಮೇಲಿನ ಹದಿನಾರು ಸಾಲು ಅವರು ಓದಿದ ರೀತಿಯೇ ಬೇರೆ. ಬೆರಳಿಟ್ಟು, ಮಗು ಓದಿದ ಹಾಗೆ. ನಲವತ್ತಮೂರಕ್ಕೆ ಯಂತ್ರ ಗುರ್ ಅಂತು. ಫೋಮ್ ದಿಮ್ಮಿ ತಿರುಗಿತು. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕಾಯುತ್ತಿದ್ದ ಒಬ್ಬ ದರ್ಜಿಯ ಅಚ್ಚು ಅದು. ಮೇಸ್ತ್ರಿ ಅದನ್ನು ಕೈಗೆ ತಗೊಂಡು ಹೆಬ್ಬೆರಳಲ್ಲಿ ಸವರಿದರು. ಮೂವತ್ತು ವರ್ಷದ ಹೆಬ್ಬೆರಳು. ತಪ್ಪು ಸಿಗಲಿಲ್ಲ.

"ಯಾರಯ್ಯ ಈ ಹಾಳೆ ಬರೆದದ್ದು? ನನ್ನ ಮನಸ್ಸಲ್ಲಿ ಬಂದ ತಪ್ಪನ್ನೆಲ್ಲ ಮೊದಲೇ ಬರೆದಿಟ್ಟಿದ್ದಾನೆ."

ನಮ್ಮವರು ಗಾಜಿನಾಚೆ ನನ್ನ ಕಡೆ ಬೆರಳು ತೋರಿಸಿದರು. "ಬರೆದದ್ದು ನಾನು. ತಪ್ಪು ಮಾಡಿದೋಳು ಅವಳು. ಎಲ್ಲಾ ಅವಳ ಕೃಪೆ."

ಹಜಾರವೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟು ಜನರ ಮುಂದೆ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮೇಡಂ ವರದಿ ಬರೆದರು. ಹೊಸ ಯಂತ್ರ ಬಂದು, ಹೊಂದಿಕೊಳ್ಳುವವರೆಗೆ ಹಳೆಯದು ಹೀಗೆಯೇ ಇರಲಿ ಅಂತ. ಮ್ಯಾನೇಜರ್ ಸಹಿ ಹಾಕಿದರು. ತಮ್ಮ ಕೋಣೆಯ ಕಂಪ್ಯೂಟರಿಗೂ ಅಂಥದೊಂದು ಹಾಳೆ ಬರೆದುಕೊಡಿ ಅಂತ ನಮ್ಮವರನ್ನು ಕೇಳಿದರು. ಎರಡು ತಿಂಗಳು ತುಂಬುವುದರೊಳಗೆ ಹಲಗೆ ಮೇಲಿದ್ದ ನೂರ ಅರವತ್ತು ಜನರಿಗೂ ಕಾಲು ಸಿಕ್ಕಿತು.

ಅದಾಗಿ ಮೂರು ತಿಂಗಳಿಗೆ ಅವರು ಹೋದರು.

ನಾನು ನಲವತ್ತು ದಿನ ಕೆಲಸಕ್ಕೆ ಹೋಗಲಿಲ್ಲ. ಮತ್ತೆ ಕೆಲಸಕ್ಕೆ ಹೋದ ದಿನ ಯಾರೂ ಹೆಚ್ಚು ಮಾತಾಡಲಿಲ್ಲ. ಒಳ್ಳೆಯದೇ ಆಯಿತು. ನನ್ನ ಹೊಲಿಗೆ ಯಂತ್ರದ ಮೇಲೆ ಕವರ್ ಹಾಕಿಟ್ಟಿದ್ದರು, ತೆಗೆದೆ. ಮೇಸ್ತ್ರಿ ಬಂದು ಪಟ್ಟಿಯ ಅಳತೆ ಕೊಟ್ಟರು.

"ಅಜ್ಜಿ ಹೇಗಿದಾಳೆ?" ಅಂತ ಕೇಳಿದೆ. ಕೇಳಲು ಬೇರೇನೂ ಇರಲಿಲ್ಲ.

"ಚೆನ್ನಾಗಿದಾಳಮ್ಮ. ಹೋದ ಮಂಗಳವಾರ ಡಿಸ್ಕ್ ಹೋಯ್ತು. ಬೇರೆ ಹಾಕಿದೆ."

"ಯಾರು?"

"ನಾನೇ."

"ಅಷ್ಟು ದೊಡ್ಡದಾಗಿದೆ, ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ?"

ಮೇಸ್ತ್ರಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾಕಮ್ಮ ಮಾಡ್ಬೇಕು? ಊಟದ ಹೊತ್ತಿಗೆ ಮುಗೀತು. ಎಂಟು ಅಚ್ಚು ಆಗೋ ಕಡೆ ಆರು ಆಯ್ತು, ಅಷ್ಟೆ."

ಮೊದಲು ಸಿಟ್ಟು ಬಂತು. ಅವರಿಲ್ಲದೆ ಏನೂ ನಿಲ್ಲಲಿಲ್ಲವಲ್ಲ ಅಂತ. ಅರ್ಧ ಪಟ್ಟಿ ಹೊಲಿಯುವಷ್ಟು ಹೊತ್ತು ಸಿಟ್ಟು ಇತ್ತು. ಆಮೇಲೆ ಅರ್ಥವಾಯಿತು, ಅವರು ಹಾಳೆ ಬರೆದದ್ದೇ ಇದಕ್ಕೆ ಅಂತ. ಎದ್ದು ಗಾಜಿನ ಕೋಣೆಗೆ ಹೋದೆ. ಯಂತ್ರ ಓಡುತ್ತಿತ್ತು, ಸದ್ದಿಗೆ ಏನೂ ಕೇಳಿಸುವುದಿಲ್ಲ ಅಂದುಕೊಂಡೆ.

"ಗೆದ್ರಿ ಕಣ್ರೀ," ಅಂದೆ, ಜೋರಾಗಿಯೇ.

ಬಾಗಿಲಲ್ಲಿದ್ದ ಮೇಸ್ತ್ರಿಗೆ ಕೇಳಿಸಿತು. ಹೊಸ ದಿಮ್ಮಿ ಎತ್ತಿಕೊಂಡು ಒಳಗೆ ಬಂದರು. ನಾನು ದಾರಿ ಬಿಟ್ಟೆ.