ಪಾರ್ವತಮ್ಮ ಬರೆದ ಪರೀಕ್ಷೆ

ಹದಿನಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತರೂ ಪಾರ್ವತಮ್ಮ ದಿನಗೂಲಿ. ಕೃಷ್ಣರಾಜಪೇಟೆಯ ನಮ್ಮ ರೈತರ ಮಾರಾಟ ಸಂಘದಲ್ಲಿ ಅವರು ಟೈಪಿಸ್ಟು, ನಾನು ಗುಮಾಸ್ತ. ಕಾರ್ಯದರ್ಶಿ ಚೌಡಯ್ಯನವರಿಗೆ ಒಂದು ಸಾಲು ನೆಟ್ಟಗೆ ಬರೆಯಲು ಬಾರದು. ಅವರು ಬಾಯಿಗೆ ಬಂದದ್ದು ಹೇಳುತ್ತಿದ್ದರು, ಪಾರ್ವತಮ್ಮ ಅದನ್ನು ಕನ್ನಡ ಮಾಡುತ್ತಿದ್ದರು. ಚೌಡಯ್ಯನವರ ಪತ್ರಗಳು ಬಲು ಚೆನ್ನಾಗಿರುತ್ತವೆಂದು ಮಂಡ್ಯದವರೆಗೂ ಹೆಸರಿತ್ತು.

ತೊಂಬತ್ತೇಳರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಬೆನ್ನಿಗೇ ಒಂದು ಆದೇಶವೂ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾದ ದಿನಗೂಲಿಯವರನ್ನು ಕಾಯಂ ಮಾಡಬಹುದು, ಆದರೆ ವಯಸ್ಸು ನಲವತ್ತೈದು ದಾಟಿರಬಾರದು. ಪಾರ್ವತಮ್ಮನಿಗೆ ಆ ಡಿಸೆಂಬರಿಗೆ ನಲವತ್ತೈದು ತುಂಬುತ್ತಿತ್ತು. ಇದೊಂದೇ ಅವಕಾಶ. ಮೂರು ತಿಂಗಳು ಪ್ರತಿ ಭಾನುವಾರ ಪಾಂಡವಪುರದ ಬಸ್ಸು ಹತ್ತಿ, ಮಗಳ ವಯಸ್ಸಿನ ಹುಡುಗಿಯರ ಪಕ್ಕ ಕೂತು ಕಂಪ್ಯೂಟರ್ ಕಲಿತು ಬಂದರು.

ಪರೀಕ್ಷೆಗೆ ವಾರವಿರುವಾಗ ಆಯುಧಪೂಜೆ ಬಂತು. ಜೀಪು, ತಕ್ಕಡಿ, ಬೀಗದ ಕೈ ಎಲ್ಲಕ್ಕೂ ಪೂಜೆಯಾಗಿ ಕಂಪ್ಯೂಟರಿನ ಸರದಿ. ಪಾರ್ವತಮ್ಮ ಅಡ್ಡ ನಿಂತರು.

"ಸಾರ್, ಇದ್ರ ಮ್ಯಾಲೆ ನೀರು ಗೀರು ಬೀಳ್ಬಾರ್ದು ಅಂತ ಕ್ಲಾಸ್ನಲ್ಲಿ ಯೋಳವ್ರೆ. ಕವರ್ ಮ್ಯಾಲೇ ಪೂಜೆ ಮಾಡ್ಬುಡಿ."

"ಮುಸುಕಾಕಿ ಕುಂಡ್ರಿಸಿ ಪೂಜೆ ಮಾಡ್ತಾರೇನಮ್ಮ ಯಾರಾದ್ರೂವೆ? ತಗೀಲಾ ಶಿವಣ್ಣ ಅದ!" ಎಂದರು ಚೌಡಯ್ಯ.

ಕವರು ತೆಗೆದವನು ನಾನು. ಚೌಡಯ್ಯನವರು ಪರದೆಗೆ ವಿಭೂತಿ ಎಳೆದರು. ಭಕ್ತಿ ಉಕ್ಕಿ ಬಂದು ಕೀಬೋರ್ಡಿನ ಒಂದೊಂದು ಗುಂಡಿಗೂ ಗಂಧ, ಕುಂಕುಮ ಇಟ್ಟರು. ಮೌಸನ್ನು ವಿಭೂತಿಯಲ್ಲಿ ಹೊರಳಾಡಿಸಿ ಮೇಲೊಂದು ಸೇವಂತಿಗೆ ಸಿಕ್ಕಿಸಿದರು. ಮಾವಿನೆಲೆಯಲ್ಲಿ ಅರಿಶಿನದ ನೀರು ಚಿಮುಕಿಸಿದರು, ನಾವೆಲ್ಲ ಅಕ್ಷತೆ ಹಾಕಿದೆವು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವ ತನಕ ಮುಟ್ಟುವಂತಿಲ್ಲ. ಪಾರ್ವತಮ್ಮ ಸೆರಗಿನ ತುದಿಯಲ್ಲಿ ಒರೆಸಹೋದಾಗ ಎಲ್ಲರೂ ಹಾಂ ಹಾಂ ಎಂದು ಕೂಗಿದೆವು.

ರಜೆ ಮುಗಿಸಿ ಬಂದಾಗ ಕಂಪ್ಯೂಟರಿಗೆ ದೆವ್ವ ಮೆಟ್ಟಿದಂತಿತ್ತು. ಬಾಣದ ಗುರುತು ಎಡಕ್ಕೂ ಬಲಕ್ಕೂ ಓಡುತ್ತಿತ್ತು, ಮೇಲಕ್ಕೆ ಹೋಗುತ್ತಿರಲಿಲ್ಲ. 'ರ' ಒಮ್ಮೆ ಒತ್ತಿದರೆ ನಾಲ್ಕು ಬೀಳುತ್ತಿತ್ತು. 'ಕ' ಬೀಳುತ್ತಲೇ ಇರಲಿಲ್ಲ. ಚೌಡಯ್ಯನವರು ಮೌಸನ್ನು ಕುಲುಕಿದರು, ಊದಿದರು, ಮೇಜಿಗೆ ಕುಟ್ಟಿದರು, ಹಳೇ ಕ್ಯಾಲೆಂಡರಿನ ಹಾಳೆಯ ಮೇಲಿಟ್ಟು ಉಜ್ಜಿದರು. ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಎಲ್ಲ ಆದ ಮೇಲೆ, "ನಿಂಗೆ ಟೈಪ್‌ರೈಟ್ರು ಕುಟ್ಟಿ ಅಭ್ಯಾಸ ಕಣಮ್ಮ. ಇದ ಮೆತ್ತಗೆ ಒತ್ತಬೇಕು" ಎಂದರು. ಪಾರ್ವತಮ್ಮ ಹೇರ್‌ಪಿನ್ನಿನಿಂದ ಗುಂಡಿಗಳ ಸಂದಿ ಕೆದಕುತ್ತ ಕೂತರು. ಮೆಕ್ಯಾನಿಕ್ಕನನ್ನು ಕರೆಸಿ ಎಂದು ದಿನಾ ಕೇಳಿದರು. ಚೌಡಯ್ಯನವರು ದಿನಾ "ನಾಳೆ" ಎಂದರು.

ಶುಕ್ರವಾರ ಮಂಡ್ಯದಿಂದ ಇಬ್ಬರು ಬಂದು ಪರೀಕ್ಷೆ ನಡೆಸಿದರು. ಹತ್ತು ನಿಮಿಷದಲ್ಲಿ ಒಂದು ಪುಟ. ಅಚ್ಚಾಗಿ ಬಂದ ಹಾಳೆಯ ತುಂಬ 'ರ'ಗಳ ಸಾಲು. ಬಂದವರು ಒಳ್ಳೆಯವರೇ. ಯಂತ್ರದ ದೋಷವೆಂದು ಮೆಕ್ಯಾನಿಕ್ಕು ಮತ್ತು ಕಾರ್ಯದರ್ಶಿ ಬರೆದುಕೊಟ್ಟರೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ ಎಂದು ಹೇಳಿ ಹೋದರು. ಪಾರ್ವತಮ್ಮನ ಮುಖಕ್ಕೆ ಜೀವ ಬಂತು.

ಸೋಮವಾರ ಮೈಸೂರಿನಿಂದ ಮೆಕ್ಯಾನಿಕ್ ಧರ್ಮೇಂದ್ರ ಬಂದ. ಹಳೇ ಪೇಪರಿನ ಮೇಲೆ ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದ. ಅಕ್ಷತೆಕಾಳು ಉದುರಿತು. ತಿರುಪು ಬಿಚ್ಚಿದರೆ ಒಳಗೆಲ್ಲ ಕುಂಕುಮ ನೀರು ಕುಡಿದು ಒಣಗಿ ಕೆಂಪು ಗಾರೆಯಾಗಿತ್ತು. ಮೌಸಿನ ಹೊಟ್ಟೆಯಿಂದ ರಬ್ಬರ್ ಗುಂಡು ತೆಗೆದರೆ ಉರುಳೆಗಳಿಗೆ ವಿಭೂತಿ ಮೆತ್ತಿಕೊಂಡಿತ್ತು.

"ಏನ್ ಸಾರ್ ಇದು, ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿನೇ ಇದೆಯಲ್ಲ ಒಳಗೆ!" ಎಂದು ನಕ್ಕ. ಯಾರೂ ನಗಲಿಲ್ಲ.

ಪಾರ್ವತಮ್ಮ ಊಟಕ್ಕೆ ಹೋಗಿದ್ದರು. ಚೌಡಯ್ಯನವರು ನನ್ನನ್ನು ಒಳಗೆ ಕರೆದರು. "ಪೂಜೆ ಮಾಡಿ ಕೆಟ್ಟೋಯ್ತು ಅಂತ ಮಂಡ್ಯದವ್ರಿಗೆ ಬರಿಯಕಾಯ್ತದೇನ್ಲಾ? ಪ್ಯಾಟೆ ಜನ ಉಗಿಯಾಕಿಲ್ವ ನನ್ ಮಕಕ್ಕೆ? ಬರ್ಕೊ ನಾ ಯೋಳ್ತೀನಿ. ಬಳಸುವವರ ಅಜಾಗರೂಕತೆಯಿಂದ..." ನಾನು ಬರೆದುಕೊಂಡೆ. ನನಗೂ ಮನೆಯಿತ್ತು, ಮಕ್ಕಳಿದ್ದರು, ಬಡ್ತಿಯ ಕಡತ ಅವರ ಮೇಜಿನಲ್ಲಿತ್ತು ಎಂದೆಲ್ಲ ಹೇಳಬಹುದು. ಹೇಳುವುದಿಲ್ಲ. ಹೆದರಿದೆ, ಅಷ್ಟೇ. ಧರ್ಮೇಂದ್ರನಿಗೆ ಶ್ರೀರಂಗಪಟ್ಟಣದಲ್ಲಿ ಇನ್ನೊಂದು ರಿಪೇರಿಯಿತ್ತು. ಖಾಲಿ ಹಾಳೆಯ ಕೆಳಗೆ ಸಹಿ ಮಾಡಿಕೊಟ್ಟು ಬಸ್ಸು ಹಿಡಿದ.

ಆ ಹಾಳೆಯನ್ನು ಟೈಪು ಮಾಡಲು ಸಂಘದಲ್ಲಿ ಇದ್ದವರು ಒಬ್ಬರೇ.

ಊಟ ಮುಗಿಸಿ ಬಂದ ಪಾರ್ವತಮ್ಮ ನಾನು ಕೊಟ್ಟ ಕರಡನ್ನು ಓದಿದರು. ಮತ್ತೊಮ್ಮೆ ಓದಿದರು. ಬಯ್ಯುತ್ತಾರೆ, ಹರಿದು ಮುಖಕ್ಕೆ ಎಸೆಯುತ್ತಾರೆ ಎಂದು ಕಾದೆ. ಎಸೆದಿದ್ದರೆ ನಾನು ಉಳಿಯುತ್ತಿದ್ದೆ.

"ಅಕ್ಷರ ನಿಮ್ದೇ ಅಲ್ವ ಶಿವಣ್ಣ?"

"ಊಂ ಕಣಕ್ಕ. ಅವ್ರು ಯೋಳುದ್ರು."

"ಪೂಜೆ ದಿವ್ಸ ನೀವೂ ಇದ್ರಿ."

ನಾನು ಧರ್ಮೇಂದ್ರನ ಸಹಿಯಿದ್ದ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಹಾಳೆಯನ್ನು ಟೈಪ್‌ರೈಟರಿಗೆ ಸೇರಿಸಿ ಹೊಡೆಯತೊಡಗಿದರು. ಚೌಡಯ್ಯನವರ ಒರಟು ವಾಕ್ಯಗಳನ್ನು ಎಂದಿನಂತೆ ತಿದ್ದಿದರು. 'ಬಳಸುವವರ' ಎಂದಿದ್ದ ಕಡೆ ಯಾರೆಂದು ತಿಳಿಯುವುದಿಲ್ಲವೆಂದೋ ಏನೋ, ತಮ್ಮ ಹೆಸರನ್ನು ಪೂರ್ತಿಯಾಗಿ ಸೇರಿಸಿದರು. ಹಾಳೆ ಎಳೆದು ನನ್ನ ಮುಂದಿಟ್ಟು, ಸಾಕ್ಷಿಯ ಜಾಗಕ್ಕೆ ಬೆರಳು ತೋರಿಸಿ, "ಇಲ್ಲಿ" ಎಂದರು.

ನಾನು ಸಹಿ ಹಾಕಿದೆ.