ಪಕ್ಕದಲ್ಲಿ ಬಂದು ಕೂತವರು

ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್ ಒಬ್ಬರಿದ್ದರು. ಅವರ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಮಕ್ಕಳ ಬಾಯಲ್ಲಿ ಅವರು ಬೆಂಚಿನ ಟೀಚರ್. ಯಾವ ಮಗು ತಪ್ಪು ಉತ್ತರ ಹೇಳಿದರೂ ಇವರು ಗದರುತ್ತಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಆ ಮಗುವಿನ ಬೆಂಚಿಗೇ ಹೋಗಿ, ‘ಸ್ವಲ್ಪ ಸರಿ, ಇಲ್ಲಿಂದ ಹೇಗೆ ಕಾಣುತ್ತೆ ನೋಡೋಣ’ ಎಂದು ಪಕ್ಕದಲ್ಲಿ ಕೂರುತ್ತಿದ್ದರು. ಇಬ್ಬರೂ ಸೇರಿ ಬೋರ್ಡು ನೋಡುವಷ್ಟರಲ್ಲಿ ತಪ್ಪು ಬಾಲ ಮುದುರಿಕೊಂಡು ಓಡುತ್ತಿತ್ತು. ಮನೆಯಲ್ಲಿ ಮಗಳಿಗೆ ಇದೇ ಗೇಲಿ: ಅಮ್ಮ ಊಟಕ್ಕೆ ಪಕ್ಕದಲ್ಲಿ ಕೂತರೂ ತಾನೇನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತದಂತೆ.

ಹೀಗಿರುವಾಗ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳ ತರಬೇತಿಯಲ್ಲಿ ಮಾತಾಡಲು ಇವರಿಗೆ ಕರೆ ಬಂತು. ಚಿಕ್ಕಂದಿನಲ್ಲಿ ಇವರಿಗೆ ಪಾಠ ಹೇಳಿದ ಭೂಗೋಳದ ಟೀಚರ್, ಈಗ ಹಣ್ಣುಹಣ್ಣು ಮುದುಕಿ, ಸುದ್ದಿ ತಿಳಿದು ಸೊಸೆಯ ತೋಳು ಹಿಡಿದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು.

ಹೆಡ್‌ಮಾಸ್ಟರು ಪರಿಚಯ ಮಾಡಿಸುತ್ತ, ಬೆಂಚಿನ ಈ ಉಪಾಯ ಇವರ ಸ್ವಂತದ್ದು, ಇವರಿಗೇ ಹೊಳೆದದ್ದು ಎಂದುಬಿಟ್ಟರು.

ಅದು ಹಾಗಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಇವರು ಗೋಡೆಯ ನಕ್ಷೆ ನೋಡಿ, ನದಿ ಬೆಟ್ಟ ಹತ್ತುತ್ತದೆ ಎಂದಿದ್ದರು. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಭೂಗೋಳದ ಟೀಚರ್ ಮಾತ್ರ ಆ ಹುಡುಗಿಯ ಬೆಂಚಿಗೆ ಬಂದು ಕೂತು, ಮೇಲಕ್ಕೆ ಹೋಗುವ ನೀಲಿ ಗೆರೆ ನೋಡಿ, ‘ಹೌದಲ್ವಾ, ಇಲ್ಲಿಂದ ಹತ್ತಿದ ಹಾಗೇ ಕಾಣುತ್ತೆ’ ಅಂದಿದ್ದರು. ಟೀಚರ್ ಆದರೆ ಹೀಗೆ ಆಗಬೇಕು ಎಂದು ಹುಡುಗಿ ಅವತ್ತೇ ಗಟ್ಟಿ ಮಾಡಿಕೊಂಡಿದ್ದಳು.

ಈಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಎದುರಿಗಿದ್ದ ಎಳೆಯ ಮುಖಗಳ ಬೆರಗು ಕಂಡು ಮನಸ್ಸು ಉಬ್ಬಿತು. ಆಮೇಲೆ ಹೇಳಿದರಾಯಿತು ಎಂದುಕೊಂಡು ಹೂಂ ಎಂಬಂತೆ ತಲೆಯಾಡಿಸಿಬಿಟ್ಟರು.

ಚಹಾದ ವೇಳೆಗೆ ಮುದುಕಿ ಬಂದು ಇವರ ಎರಡೂ ಕೈ ಹಿಡಿದುಕೊಂಡರು.

‘ಎಂಥಾ ಉಪಾಯ ಮಗಳೇ! ನಾನು ಬರೀ ಬೈದೇ ಕಾಲ ಕಳೆದೆ. ಆಗ ನನಗಿದು ಹೊಳೆದಿದ್ರೆ ಎಷ್ಟು ಮಕ್ಕಳು ಅಳೋದು ತಪ್ಪುತ್ತಿತ್ತೋ.’

ಮಾತಿನಲ್ಲಿ ಕೊಂಕು ಇರಲಿಲ್ಲ. ಮುದುಕಿಗೆ ನಿಜವಾಗಿಯೂ ಮರೆತುಹೋಗಿತ್ತು. ಬೆಂಚಿನ ಟೀಚರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದು ನಿಮ್ಮದೇ, ನಿಮ್ಮಿಂದಲೇ ನಾನು ಟೀಚರ್ ಆದದ್ದು ಎಂದು ತಡವರಿಸುತ್ತ ನದಿಯ ಕಥೆಯೆಲ್ಲ ಹೇಳಿದರು. ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕರು.

‘ವಯಸ್ಸಾದೋಳು ನೊಂದ್ಕೋಬಾರದು ಅಂತ ಕಥೆ ಕಟ್ತೀಯಾ? ನಿಜ ಆಗಿದ್ರೆ ಅಲ್ಲೇ ಹೇಳ್ತಿರಲಿಲ್ವಾ ನೀನು?’

ಲೋಟ ಅಲ್ಲೇ ಬಿಟ್ಟು ಬೆಂಚಿನ ಟೀಚರ್ ಮೈಕಿನ ಮುಂದೆ ನಿಂತರು. ಎಲ್ಲರೂ ಬಂದು ಕೂತ ಮೇಲೆ ಉಪಾಯ ನನ್ನದಲ್ಲ, ಹಿಂದಿನ ಸಾಲಿನಲ್ಲಿರುವ ಆ ತಾಯಿಯದು, ಬೆಳಿಗ್ಗೆ ಬೇಕೆಂದೇ ಸುಮ್ಮನಿದ್ದೆ ಎಂದು ಬಿಡಿಸಿ ಹೇಳಿದರು.

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಷ್ಟು ದೊಡ್ಡವರಿಗೆ ಎಂಥಾ ವಿನಯ ನೋಡಿ ಎಂದು ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ‘ವಿನಯ ಅಲ್ಲ ಸಾರ್, ನಡೆದದ್ದು’ ಎಂದರೆ ಚಪ್ಪಾಳೆ ಇನ್ನೂ ಜೋರಾಯಿತು. ತನ್ನ ಶಿಷ್ಯೆಯ ದೊಡ್ಡ ಗುಣಕ್ಕೆ ಹಿಗ್ಗಿ, ಎಲ್ಲರಿಗಿಂತ ಹೆಚ್ಚು ತಟ್ಟುತ್ತಿದ್ದವರು ಆ ಮುದುಕಿಯೇ.

ಹೆಡ್‌ಮಾಸ್ಟರು ಮೈಕಿಗೆ ಕೈ ಚಾಚಿದರು. ಬೆಂಚಿನ ಟೀಚರ್ ಕೊಡಲಿಲ್ಲ; ಇನ್ನು ಯಾವ ಮಾತು ಹೇಳಿದರೆ ನಂಬುತ್ತಾರೋ ತಿಳಿಯದೆ ತಲೆ ತಗ್ಗಿಸಿ ನಿಂತೇ ಇದ್ದರು.