ಮಾಳಿಗೆ ಮೇಷ್ಟ್ರ ತಂಡ

ಇದರಲ್ಲಿ ಕೆಲವು ನನಗೆ ತಪ್ಪಾಗಿ ನೆನಪಿರಬಹುದು. ರಾಯದುರ್ಗದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಒಂದು ಮಂಡಿ ಸದಾ ಕುಣಿಯುತ್ತಿತ್ತು. ಹೆಬ್ಬೆರಳು ಫೋನಿನಲ್ಲಿ ದೈತ್ಯಪ್ರಾಣಿಗಳ ತಂಡವನ್ನು ಕಟ್ಟುತ್ತಿತ್ತು, ಕೆಡವುತ್ತಿತ್ತು. ಆ ಕಾಳಗದ ಆಟವನ್ನು ಅಕ್ಕನಿಗೆ ಕಲಿಸಿದ್ದೂ ಅವರೇ.

ಅವರು ರೊಳ್ಳದ ಕಡೆಯವರು. "ಕಡ್ಲೆಕಾಯಿ ಹೊಲ್ದಲ್ಲಿ ತೊಗರಿ ಸಾಲೂ ಬಿಡ್ತೀವಲ್ಲಮ್ಮ, ಮಳೆ ಕೈಕೊಟ್ರೂ ಅದು ತಡ್ಕಳ್ಳಲಿ ಅಂತ, ತಂಡಾನೂ ಹಂಗೇಯ. ಹೊಡ್ಯೋಕೆ ಎಲ್ರೂ ಬತ್ತಾರೆ, ತಡ್ಯೋರು ಬೇಕು," ಎಂದು ಎಷ್ಟು ಸಲ ಹೇಳಿದರೋ. ತಡೆಯುವ ಕೆಲಸ ಯಾವಾಗಲೂ ಅಕ್ಕ ಬೆಳೆಸಿದ ಕಲ್ಲುಚಿಪ್ಪಿನ ಆಮೆಯದು.

"ಒಮ್ಮೆನಾದ್ರೂ ಇದು ಕೊನಿತನಕ ನಿಲ್ಲಬೇಕ್ರಿ ಸಾರ್. ಬರೇ ಏಟು ತಿನ್ನಾಕ ಸಾಕೀನೇನ್ರಿ?" ಎಂದು ಅಕ್ಕ ಛೇಡಿಸುತ್ತಿದ್ದಳು. ಆಸೆ ಮಾತ್ರ ನಿಜದ್ದು.

ಮೇಷ್ಟ್ರು, ಅಕ್ಕ ಜೊತೆಯಾಗಿ ಆಡಿದ ಊರಿನ ಜೋಡಿ ಪಂದ್ಯದ ಕೊನೆಯ ಸುತ್ತಿನಲ್ಲಿ ಎದುರಾಳಿಗಳ ಎರಡು ಪ್ರಾಣಿ ಉಳಿದಿದ್ದವು. ಇತ್ತ ಮೇಷ್ಟ್ರ ಗೂಳಿ, ಪಕ್ಕದಲ್ಲಿ ಏಟು ತಿಂದು ಬಸವಳಿದ ಆಮೆ. ಗೂಳಿಗೆ ಉಳಿದಿದ್ದದ್ದು ನೆಲ ನಡುಗಿಸುವ ಒಂದೇ ಹೊಡೆತ. ಅದು ಜೊತೆಗಾರನನ್ನೂ ಬಿಡುವುದಿಲ್ಲ. ಮೇಷ್ಟ್ರ ಮಂಡಿ ನಿಂತಿತು. ಅಕ್ಕನ ಕಡೆ ನೋಡಿದರು, ಒತ್ತಿದರು. ಎದುರಿನವೆರಡೂ ಬಿದ್ದವು, ಆಮೆಯೂ ಬಿತ್ತು. ಗೆದ್ದೆವೆಂದು ಎಲ್ಲರೂ ಕೂಗಿದರು.

ಒತ್ತುವ ಮುನ್ನ ಅಕ್ಕ ಹೂಂ ಎಂಬಂತೆ ತಲೆಯಾಡಿಸಿದ ಹಾಗೆ ನನಗೆ ನೆನಪು. ಅದು ಕಂಡದ್ದೋ, ಮೇಷ್ಟ್ರ ಮೇಲಿನ ಅಭಿಮಾನದಿಂದ ಆಮೇಲೆ ಸೇರಿಸಿಕೊಂಡದ್ದೋ ತಿಳಿಯದು. ಮೊನ್ನೆ ಅಕ್ಕನನ್ನೇ ಕೇಳಿದೆ: "ಅವತ್ತು ನೀ ಹೂಂ ಅಂದಿದ್ದೇನಕ್ಕ, ಇಲ್ಲಾ ಅವರು ಹಂಗ ಒತ್ತಿಬಿಟ್ರೇನು?"